ಚರಿತ್ರೆಗೂ ಸನದ್ ಬೇಕು

ಬೆಳ್ಳೂರು, ನಾಗಮಂಗಲದ ನಮ್ಮ ಮನೆಗಳಲ್ಲಿ ಶ್ರೀರಂಗಪಟ್ಟಣದ ಚರಿತ್ರೆಯನ್ನು ಮಕ್ಕಳಿಗೆ ಹೇಳುತ್ತೇವೆ, ಬರೆಯುತ್ತೇವೆ. ಅದು ನಮಗೆ ಯಾರಿಂದ ಬಂತೆಂಬುದನ್ನು ಮಾತ್ರ ಹೇಳಲು ಮರೆಯುತ್ತೇವೆ.

ಹದೀಸ್ ವಿದ್ವಾಂಸರು ಹಾಗೆ ಮರೆತವರಲ್ಲ. ಹಿಜರಿ 256ರಲ್ಲಿ ನಿಧನರಾದ ಇಮಾಮ್ ಬುಖಾರಿ(ರ)ಯವರು ಹದೀಸಿನ ಜೊತೆಗೆ ಅದನ್ನು ತಲುಪಿಸಿದವರ ಸರಪಳಿಯನ್ನೂ ದಾಖಲಿಸಿದರು. ಅದುವೇ ಸನದ್. ನಡುವಿನ ಒಂದು ಹೆಸರು ಬಿಟ್ಟುಹೋದರೂ ವರದಿ ದುರ್ಬಲವಾಗುತ್ತದೆ.

ನಮ್ಮ ನಾಡಿನ ಚರಿತ್ರೆಗೂ ಇಂಥ ಸರಪಳಿಯಿದೆ. ಹೈದರಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿಯವರು ಪರ್ಷಿಯನ್ ಭಾಷೆಯಲ್ಲಿ 'ನಿಶಾನೆ ಹೈದರಿ'ಯನ್ನು ಬರೆದರು. ಕರ್ನಲ್ ಮೈಲ್ಸ್ ಅದನ್ನು ಇಂಗ್ಲಿಷಿಗೆ ಅನುವಾದಿಸಿ 1842 ಮತ್ತು 1844ರಲ್ಲಿ ಎರಡು ಗ್ರಂಥಗಳಾಗಿ ಪ್ರಕಟಿಸಿದರು. ಅಲ್ಲಿಂದ ಕನ್ನಡಕ್ಕೆ ಬರುವ ಸಂಗತಿ ಹಲವು ಕೈಗಳನ್ನು ದಾಟಿರುತ್ತದೆ. ಕಿರ್ಮಾನಿಯವರು ಆಸ್ಥಾನವನ್ನು ಬಲ್ಲವರು; ಆದರೆ ಗ್ರಂಥವನ್ನು ಮುಗಿಸಿದ್ದು 1799ರ ಪತನದ ಬಳಿಕ. ಹೆಸರು ತಿಳಿದರೆ ಮಾತ್ರ ಓದುಗರು ಇದನ್ನೆಲ್ಲ ತೂಗಿ ನೋಡಬಲ್ಲರು.

ಸುಲ್ತಾನರನ್ನು ಹಳಿಯುವವರಲ್ಲಿ ನಾವು ಆಧಾರ ಕೇಳುತ್ತೇವೆ. ಹೊಗಳುವ ನಮ್ಮ ಬರಹಕ್ಕೂ ಅದೇ ನಿಯಮವಿರಲಿ. ಪರರ ಶ್ರಮದಿಂದ ದೊರೆತ ಜ್ಞಾನವು ನಮ್ಮ ಕೈಯಲ್ಲಿರುವ ಅಮಾನತ್ತು. ಅದನ್ನು ಅವರ ಹೆಸರಿನೊಂದಿಗೇ ಮುಂದಿನವರಿಗೆ ಒಪ್ಪಿಸೋಣ.