ರಿಪೋರ್ಟ್ ನಾರ್ಮಲ್, ಹೊಟ್ಟೆನೋವು ಮಾತ್ರ ಹಾಗೇ!

ಮೊನ್ನೆ ಕಪಾಟು ಗುಡಿಸುವಾಗ ನನ್ನ ಹಳೇ ಫೈಲೊಂದು ಸಿಕ್ಕಿತು. ತುಂಬಾ ಲ್ಯಾಬ್ ರಿಪೋರ್ಟುಗಳು. ಇಎಸ್‌ಆರ್ ನಾರ್ಮಲ್, ಸಿಆರ್‌ಪಿ ನಾರ್ಮಲ್. ಆದರೆ ಆಗ ಬೆಳಗಾದರೆ ಹೊಟ್ಟೆ ಹಿಂಡುತ್ತಿತ್ತು, ಬಸ್ಸು ಹತ್ತುವ ಮುಂಚೆ ಎರಡು ಸಲ ಟಾಯ್ಲೆಟ್ಟಿಗೆ ಓಡಬೇಕಿತ್ತು. "ಎಲ್ಲಾ ನಾರ್ಮಲ್ ಅಂದ್ಮೇಲೆ ನಿಂಗೇನೂ ಇಲ್ಲ ಬಿಡು" ಅಂತ ಮನೆಯವರು. ಕೊನೆಗೆ ವೈದ್ಯರೊಬ್ಬರು ಇದು ಐಬಿಎಸ್, ಅಂದರೆ ಕೆರಳುವ ಕರುಳಿನ ತೊಂದರೆ ಅಂದರು. ಹಾಗಾದರೆ ಈ ಪರೀಕ್ಷೆಗಳು ಹುಡುಕಿದ್ದಾದರೂ ಏನನ್ನು? ಕುತೂಹಲಕ್ಕೆ ಓದುತ್ತಾ ಹೋದೆ.

ಮೊದಲು ಇಎಸ್‌ಆರ್. ಕೊಳವೆಯಲ್ಲಿ ನಿಲ್ಲಿಸಿದ ರಕ್ತದ ಕೆಂಪುಕಣಗಳು ತಳಕ್ಕಿಳಿಯುವ ವೇಗ ರೋಗಿಗಳಲ್ಲಿ ಬೇರೆಯಾಗಿರುತ್ತೆ ಅಂತ ಪೋಲೆಂಡಿನ ಎಡ್ಮಂಡ್ ಬಿಯರ್ನಾಟ್ಸ್‌ಕಿ 1897ರಲ್ಲಿ ಬರೆದ. 1918ರಲ್ಲಿ ಸ್ವೀಡನ್ನಿನ ಫಾರೇಯಸ್ ಇದನ್ನು ಗರ್ಭ ಪತ್ತೆಗೆ ಬಳಸಬಹುದೇ ಅಂತ ನೋಡಿದ. 1921ರಲ್ಲಿ ವೆಸ್ಟರ್‌ಗ್ರೆನ್ ಕ್ಷಯರೋಗಿಗಳಲ್ಲಿ ಅಳೆದ. ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೋಜನ್ ಹೆಚ್ಚುತ್ತೆ, ಕಣಗಳು ನಾಣ್ಯ ಪೇರಿಸಿದ ಹಾಗೆ ಅಂಟಿಕೊಂಡು ಬೇಗ ಇಳಿಯುತ್ತವೆ. ಅಷ್ಟೇ ಗುಟ್ಟು.

ಸಿಆರ್‌ಪಿ ಹುಟ್ಟಿದ್ದು ನ್ಯುಮೋನಿಯಾದಿಂದ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್, ನ್ಯುಮೋಕಾಕಸ್ ಬ್ಯಾಕ್ಟೀರಿಯಾದ 'ಸಿ' ಎಂಬ ಅಂಶದ ಜೊತೆ ಸೇರುವ ವಸ್ತುವನ್ನು ರೋಗಿಗಳ ರಕ್ತದಲ್ಲಿ ಕಂಡರು. ನೋಡಿ, ಎರಡರಲ್ಲಿ ಒಂದೂ ನನ್ನಂಥವರ ಹೊಟ್ಟೆಗಾಗಿ ಹುಟ್ಟಿದ್ದಲ್ಲ!

ತಮಾಷೆ ಅಂದರೆ, ಹಿಂದೆ ಐಬಿಎಸ್‌ಗೆ 'ಮ್ಯೂಕಸ್ ಕೊಲೈಟಿಸ್' ಅನ್ನೋ ಹೆಸರಿತ್ತು. 'ಐಟಿಸ್' ಅಂದರೇ ಉರಿಯೂತ. ಅದು ಕಾಣದೇ ಹೋದಾಗ ಹೆಸರೂ ಹೋಯಿತು. 1978ರಲ್ಲಿ ಬ್ರಿಸ್ಟಲ್‌ನ ಮ್ಯಾನಿಂಗ್ ಮತ್ತು ಸಂಗಡಿಗರು ರೋಗಿಯ ಮಾತನ್ನೇ ಸಾಕ್ಷಿ ಮಾಡಿಕೊಂಡರು: ಶೌಚವಾದ ಮೇಲೆ ನೋವು ತಗ್ಗುತ್ತಾ? ನೋವು ಶುರುವಾದಾಗ ಮಲ ತೆಳುವಾಗುತ್ತಾ? ಹೀಗೆ. ನನಗೆ ಈ ಇಡೀ ಕತೆಯಲ್ಲಿ ಇಷ್ಟವಾದದ್ದು ಇದೇ.

ಕರುಳಿಗೆ ಹತ್ತಿರದ ಪರೀಕ್ಷೆ ಬಂದದ್ದು ನಾರ್ವೆಯಿಂದ. 1980ರಲ್ಲಿ ಫಾಗರ್‌ಹೋಲ್ ತಂಡ ಬಿಳಿ ರಕ್ತಕಣಗಳ ಪ್ರೋಟೀನೊಂದನ್ನು ವಿವರಿಸಿತು. ಆಮೇಲೆ ಅದಕ್ಕೆ ಕ್ಯಾಲ್‌ಪ್ರೊಟೆಕ್ಟಿನ್ ಅಂತ ಹೆಸರಾಯಿತು. 1992ರಲ್ಲಿ ಅದನ್ನು ಮಲದಲ್ಲಿ ಅಳೆಯುವ ವಿಧಾನ ಬಂತು. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಇದ್ದವರಲ್ಲಿ ಬಿಳಿಕಣಗಳು ಕರುಳಿಗೆ ನುಗ್ಗುವುದರಿಂದ ಇದು ಏರುತ್ತೆ, ಐಬಿಎಸ್‌ನಲ್ಲಿ ಸಾಮಾನ್ಯವಾಗಿ ಏರಲ್ಲ. ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂಗಿಂತ ಕಮ್ಮಿ ಇದ್ದರೆ ಬಹುತೇಕ ನಿರಾಳ. 2013ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಇವೆರಡನ್ನು ಬೇರ್ಪಡಿಸಲು ಇದನ್ನು ಶಿಫಾರಸು ಮಾಡಿತು. ಆದರೆ ನೋವಿನ ಮಾತ್ರೆಗಳಿಂದಲೂ, ನಮ್ಮಲ್ಲಿ ಕಾಣುವ ಕರುಳಿನ ಕ್ಷಯದಿಂದಲೂ ಇದು ಏರಬಹುದು.

ಅಂದರೆ ನಾರ್ಮಲ್ ರಿಪೋರ್ಟು ಹೇಳೋದು 'ಆ ಕಾಯಿಲೆ ಇರುವ ಸಾಧ್ಯತೆ ಕಮ್ಮಿ' ಅಂತ. 'ನೋವಿಲ್ಲ' ಅಂತಲ್ಲ. 2004ರಲ್ಲಿ ಇಟಲಿಯ ಬೊಲೋನ್ಯದ ಸಂಶೋಧಕರು ಐಬಿಎಸ್ ರೋಗಿಗಳ ಕರುಳಿನ ಚೂರುಗಳನ್ನು ನೋಡಿದಾಗ, ನರಗಳ ಪಕ್ಕದಲ್ಲೇ ಮಾಸ್ಟ್ ಕಣಗಳು ಹೆಚ್ಚಿದ್ದವು, ಹೊಟ್ಟೆನೋವಿಗೂ ಅದಕ್ಕೂ ನಂಟು ಕಂಡಿತು. ಇಂಥದ್ದು ಇಎಸ್‌ಆರ್ ಕೊಳವೆಗೆ ಕಾಣೋದಾದರೂ ಹೇಗೆ?

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು, ಜ್ವರ ಇದ್ದರೆ ಐಬಿಎಸ್ ಅಂತ ಸುಮ್ಮನಿರಬೇಡಿ, ಡಾಕ್ಟರ ಹತ್ತಿರ ಹೋಗಿ.

ಫೈಲನ್ನು ಎಸೆಯಲಿಲ್ಲ. ಇದೆಲ್ಲ ಮನೆಯವರಿಗೂ ಓದಿ ಹೇಳಿದೆ. ಈಗ ಬಸ್ಸಿಗೆ ಹೊರಡುವಾಗ ನಾನು ತಡ ಮಾಡಿದರೆ ಯಾರೂ ಗೊಣಗಲ್ಲ. ನಿಮ್ಮಲ್ಲೂ ಇಂಥ ಫೈಲ್ ಇದೆಯಾ?