ಲಾರಿಯ ಮೈಯ ಕುಟುಂಬದ ಬಂಡಿ

ಎಂಟು ಜನ, ಅವರ ಗಂಟುಮೂಟೆ, ಹಿಂದೆ ಕಟ್ಟಿದ ಒಂದು ದೋಣಿ. ಇಷ್ಟನ್ನೂ ಎಳೆದೊಯ್ಯುವ ಖಾಸಗಿ ವಾಹನವೊಂದನ್ನು ಕಲ್ಪಿಸಿಕೊಳ್ಳಿ. ಅಮೆರಿಕದಲ್ಲಿ ಇಂಥದ್ದಕ್ಕೆ ದೀರ್ಘ ಇತಿಹಾಸವೇ ಇದೆ. 1935ರಲ್ಲಿ ಷೆವರ್ಲೆ ಕಂಪನಿ 'ಸಬರ್ಬನ್ ಕ್ಯಾರಿಆಲ್' ಎಂಬ ಬಂಡಿಯನ್ನು ಮಾರುಕಟ್ಟೆಗೆ ತಂದಿತು. ಅರ್ಧ ಟನ್ ಲಾರಿಯ ಚಾಸಿ, ಅದರ ಮೇಲೆ ಉಕ್ಕಿನ ಮೈ, ಒಳಗೆ ಎಂಟು ಆಸನ. ಆಸನಗಳನ್ನು ತೆಗೆದರೆ ಸರಕು ತುಂಬಬಹುದಿತ್ತು. ಆ ಕಾಲದ ಸ್ಟೇಷನ್ ವ್ಯಾಗನ್‌ಗಳ ಮೈ ಮರದ್ದಾಗಿರುತ್ತಿತ್ತು ಎಂಬುದನ್ನು ನೆನೆದರೆ ಉಕ್ಕಿನ ಮಹತ್ತ್ವ ತಿಳಿಯುತ್ತದೆ. ಸಬರ್ಬನ್ ಎಂಬ ಹೆಸರು ಇಂದಿಗೂ ಉಳಿದಿದೆ. ಬಾಗಿಲುಗಳ ಕಥೆ ಮಾತ್ರ ತಮಾಷೆಯದು. 1967ರ ಮಾದರಿಯಲ್ಲಿ ಚಾಲಕನ ಕಡೆ ಒಂದು, ಇನ್ನೊಂದು ಕಡೆ ಎರಡು! ನಾಲ್ಕು ಬಾಗಿಲು ಬಂದದ್ದು 1973ರ ಮಾದರಿಗೆ.

ಅದೇ 1973ರಲ್ಲಿ ತೈಲ ಬಿಕ್ಕಟ್ಟು ತಲೆದೋರಿತು. 1975ರಲ್ಲಿ ಅಮೆರಿಕ ಇಂಧನ ಮಿತವ್ಯಯದ ಕಾಯಿದೆ ಮಾಡಿತು. 1985ರ ಹೊತ್ತಿಗೆ ಕಂಪನಿಯೊಂದರ ಕಾರುಗಳು ಸರಾಸರಿಯಲ್ಲಿ ಲೀಟರಿಗೆ ಸುಮಾರು 11.7 ಕಿಲೋಮೀಟರ್ ಓಡಬೇಕೆಂಬ ಗುರಿ ಇತ್ತು. ಆದರೆ ಎಸ್‌ಯುವಿಗಳನ್ನು ಲಘು ಲಾರಿಗಳ ಪಟ್ಟಿಗೆ ಸೇರಿಸಿದ್ದರಿಂದ ಅವುಗಳ ಮಿತಿ ಸಡಿಲವಾಗಿತ್ತು. ಹೊರೆ ಸಹಿತ ಗರಿಷ್ಠ ತೂಕ 3856 ಕಿಲೋಗ್ರಾಂ ಮೀರಿದರಂತೂ ಮಿತಿಯೇ ಇರಲಿಲ್ಲ. ಕುಟುಂಬದ ಬಂಡಿಗಳಿಗೆ ಈ ವಿನಾಯಿತಿ 2011ರ ಮಾದರಿಗಳಿಂದ ತಪ್ಪಿತು. ಅಂದರೆ, ಬಂಡಿ ಭಾರವಾದಷ್ಟೂ ಕಾನೂನಿನ ಭಾರ ಹಗುರ!

ಫೋರ್ಡ್ ಕಂಪನಿಯ ಎಕ್ಸ್‌ಕರ್ಷನ್ (1999-2005) ಈ ಗುಂಪಿನದು. ಉದ್ದ 5.76 ಮೀಟರ್, ಇಂಧನದ ಟ್ಯಾಂಕಿನಲ್ಲಿ ಸುಮಾರು 166 ಲೀಟರ್. ಢಿಕ್ಕಿಯಾದಾಗ ಚಿಕ್ಕ ಕಾರು ಇದರಡಿ ನುಗ್ಗದಿರಲೆಂದು ಮುಂದಿನ ಬಂಪರಿನ ಕೆಳಗೆ ಉಕ್ಕಿನ ತೊಲೆಯೊಂದನ್ನು ಅಳವಡಿಸಬೇಕಾಯಿತು.

ಇಂಥ ಬಂಡಿಯ ಒಡೆಯನ ಪಾಡೇನು? ಒಂದು ಸರಳ ಲೆಕ್ಕ ಮಾಡಿ. 3000 ಕಿಲೋಗ್ರಾಂ ಬಂಡಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 11.6 ಲಕ್ಷ ಜೂಲ್. 1000 ಕಿಲೋಗ್ರಾಂ ಕಾರಿಗೆ ಇದರ ಮೂರನೇ ಒಂದು ಭಾಗ. ನಿಲ್ಲಿಸುವಾಗ ಈ ಶಕ್ತಿಯ ಬಹುಪಾಲು ಬ್ರೇಕುಗಳಲ್ಲಿ ಶಾಖವಾಗುತ್ತದೆ. ಇನ್ನು ಬಂಡಿ ಮಗುಚುವ ಪ್ರಶ್ನೆ. ಎಡಬಲ ಚಕ್ರಗಳ ನಡುವಣ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ. ಅಂತರ 1.5 ಮೀಟರ್, ಎತ್ತರ 0.55 ಮೀಟರ್ ಇರುವ ಕಾರಿಗೆ ಉತ್ತರ 1.36. ಅಂತರ 1.6, ಎತ್ತರ 0.72 ಇದ್ದರೆ 1.11. ಸಂಖ್ಯೆ ಕಡಿಮೆಯಾದಷ್ಟೂ ಮಗುಚುವ ಅಪಾಯ ಹೆಚ್ಚು. ಚಾವಣಿಯ ಮೇಲೆ ಸಾಮಾನು ಹೇರಿದರೆ ಅದು ಇನ್ನೂ ಇಳಿಯುತ್ತದೆ.

ಆದರೆ ನಿರ್ವಹಣೆಯ ನಿಜವಾದ ಪಾಠ ಕಲಿಸಿದ್ದು ಟೈರು. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಅವುಗಳಲ್ಲಿ ಬಹಳಷ್ಟು, ಗಾತ್ರದಲ್ಲಿ ಸಬರ್ಬನ್‌ಗಿಂತ ಕಿರಿದಾದ ಫೋರ್ಡ್ ಎಕ್ಸ್‌ಪ್ಲೋರರ್‌ನಲ್ಲಿದ್ದವು. ಓಡುತ್ತಿರುವಾಗಲೇ ಟೈರಿನ ಮೇಲ್ಪದರ ಕಿತ್ತುಬಂದು, ಬಂಡಿಗಳು ಮಗುಚಿ, ಅಮೆರಿಕದಲ್ಲಿ 270ಕ್ಕೂ ಹೆಚ್ಚು ಜನ ಸತ್ತರು. ಟೈರಿನ ದೋಷವೇ, ಬಂಡಿಯ ದೋಷವೇ ಎಂದು ಎರಡು ಕಂಪನಿಗಳೂ ಕಿತ್ತಾಡಿದವು. ಎಕ್ಸ್‌ಪ್ಲೋರರ್‌ಗೆ ಫೋರ್ಡ್ ಸೂಚಿಸಿದ್ದ ಒತ್ತಡ ಚದರ ಅಂಗುಲಕ್ಕೆ 26 ಪೌಂಡ್. ಫೈರ್‌ಸ್ಟೋನ್ 30 ಇರಬೇಕೆಂದಿತು. ಇಷ್ಟು ಸಣ್ಣ ವ್ಯತ್ಯಾಸ ಏಕೆ ಮುಖ್ಯ? ಗಾಳಿ ಕಡಿಮೆಯಿದ್ದರೆ ಪ್ರತಿ ಸುತ್ತಿನಲ್ಲೂ ಟೈರಿನ ಪಕ್ಕ ಹೆಚ್ಚು ಬಾಗಿ ನೆಟ್ಟಗಾಗುತ್ತದೆ. ರಬ್ಬರು ಹಾಗೆ ಬಾಗಲು ಪಡೆದ ಶಕ್ತಿಯನ್ನೆಲ್ಲ ಹಿಂದಿರುಗಿಸುವುದಿಲ್ಲ. ಒಂದು ಪಾಲು ಶಾಖವಾಗಿ ಉಳಿಯುತ್ತದೆ. ಹೊರೆ, ವೇಗ, ಬಿಸಿಲು ಸೇರಿದರೆ ಉಕ್ಕಿನ ಪಟ್ಟಿಗಳ ನಡುವಣ ಅಂಟು ಸಡಿಲವಾಗುತ್ತದೆ. ಅಪಘಾತಗಳು ಬಿಸಿ ಹವೆಯ ದಕ್ಷಿಣದ ರಾಜ್ಯಗಳಲ್ಲಿ ಹೆಚ್ಚಾಗಿ ಆದದ್ದು ಆಕಸ್ಮಿಕವಲ್ಲ.

ಅದೇ ವರ್ಷ ಹೊಸ ಕಾಯಿದೆ ಬಂತು. ಅದರ ಫಲವಾಗಿ 2007ರ ಸೆಪ್ಟೆಂಬರಿನಿಂದ ಅಲ್ಲಿನ ಹೊಸ ಲಘು ವಾಹನಗಳಲ್ಲೆಲ್ಲ ಟೈರಿನ ಒತ್ತಡ ತಿಳಿಸುವ ವ್ಯವಸ್ಥೆ ಕಡ್ಡಾಯವಾಯಿತು. ಆದರೆ ಗಮನಿಸಿ: ಒತ್ತಡ ಕಾಲುಭಾಗ ಇಳಿದಾಗ ದೀಪ ಹತ್ತಿದರೆ ಕಾನೂನಿಗೆ ಸಾಕು. 35 ಪೌಂಡ್ ಇರಬೇಕಾದ ಟೈರಿನಲ್ಲಿ 26 ಉಳಿಯುವವರೆಗೂ ಅದು ಸುಮ್ಮನಿರಬಹುದು. ಹಾಗಾಗಿ ಎಚ್ಚರವುಳ್ಳ ಒಡೆಯರು ಬೆಳಗ್ಗೆ, ಟೈರು ತಣ್ಣಗಿರುವಾಗಲೇ, ಮಾಪಕ ಹಿಡಿದು ಐದನ್ನೂ ಅಳೆಯುತ್ತಾರೆ. ಹೆಚ್ಚುವರಿ ಚಕ್ರಕ್ಕೆ ಆ ಕಾನೂನು ಅನ್ವಯಿಸುವುದಿಲ್ಲ.