ಎರಡು ಪರದೆ, ಒಂದೇ ಅಂಗಳ

ಗಣಕದ ಮುಂದೆ ಎರಡು ಪರದೆಗಳನ್ನಿಟ್ಟುಕೊಂಡು ದುಡಿಯುವುದು ಇಂದು ಬೆಂಗಳೂರಿನ ಕಚೇರಿಗಳಲ್ಲಿ ಯಾರನ್ನೂ ಬೆರಗುಗೊಳಿಸುವ ಸಂಗತಿಯಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ತಂತ್ರಾಂಶದ ಉದ್ಯೋಗ ಹಿಡಿದ ಅನೇಕರು ಹೀಗೆಯೇ ಕುಳಿತಿರುತ್ತಾರೆ. ಈ ಪದ್ಧತಿ ಎಂದು ಆರಂಭವಾಯಿತೆಂದು ವಿಚಾರಿಸಿದರೆ, 1998ರ ಜೂನ್‌ನಲ್ಲಿ ಬಂದ ವಿಂಡೋಸ್ 98ರ ಹೆಸರು ಹೇಳುವವರೇ ಹೆಚ್ಚು. ಇದಕ್ಕೆ ಹನ್ನೊಂದು ವರ್ಷ ಹಿಂದೆಯೇ ಆ ಕೆಲಸ ಸೊಗಸಾಗಿ ನಡೆದಿತ್ತು.

ಎರಡು ಪರದೆಗಳಿರುವುದೇ ಬೇರೆ, ಅವೆರಡೂ ಸೇರಿ ಒಂದೇ ಆವರಣವಾಗುವುದೇ ಬೇರೆ. ಮೊದಲನೆಯದು ಇನ್ನೂ ಹಳೆಯದು. 1981ರ ಐಬಿಎಂ ಪಿಸಿಗೆ ಎರಡು ಬಗೆಯ ಡಿಸ್‌ಪ್ಲೇ ಕಾರ್ಡುಗಳಿದ್ದವು: ಒಂದು ಅಕ್ಷರಗಳಿಗೆ ಮೀಸಲಾದ ಏಕವರ್ಣದ್ದು, ಇನ್ನೊಂದು ಬಣ್ಣದ ಚಿತ್ರಗಳದ್ದು. ಅವು ಸ್ಮೃತಿಯಲ್ಲಿ ಬೇರೆಬೇರೆ ವಿಳಾಸಗಳನ್ನು ಬಳಸುತ್ತಿದ್ದುದರಿಂದ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಕೂಡಿರಬಲ್ಲವಾಗಿದ್ದವು. 1983ರಲ್ಲಿ ಬಂದ ಲೋಟಸ್ 1-2-3 ಬಳಸುವವರು ಅಂಕಿಗಳ ಕೋಷ್ಟಕವನ್ನು ಒಂದರಲ್ಲಿಯೂ ಅದರ ನಕ್ಷೆಯನ್ನು ಇನ್ನೊಂದರಲ್ಲಿಯೂ ನೋಡಬಹುದಾಗಿತ್ತು. ಆದರೆ ಇವು ಅಕ್ಕಪಕ್ಕದ ಎರಡು ಕೋಣೆಗಳು, ನಡುವೆ ಬಾಗಿಲಿರಲಿಲ್ಲ. ಒಂದರಲ್ಲಿದ್ದುದನ್ನು ಎಳೆದು ಇನ್ನೊಂದಕ್ಕೆ ಒಯ್ಯುವಂತಿರಲಿಲ್ಲ.

ಗೋಡೆ ಕೆಡವಿದ್ದು ಮೆಕಿಂತೋಷ್. ಅದರ ಮೊದಲ ಮಾದರಿಗಳ ಪರದೆ ಕೇವಲ ಒಂಬತ್ತು ಅಂಗುಲದ್ದು, 512 ಚುಕ್ಕೆ ಅಗಲ, 342 ಚುಕ್ಕೆ ಎತ್ತರ. 1985ರಲ್ಲಿ ಪೇಜ್‌ಮೇಕರ್ ಬಂದ ಮೇಲೆ ಪುಟವಿನ್ಯಾಸ ಮಾಡುವವರಿಗೆ ಈ ಕಿಂಡಿಯಲ್ಲಿ ಇಡೀ ಪುಟ ಓದುವಂತೆ ಕಾಣದೆ ತೊಂದರೆಯಾಯಿತು. ಆಗ ಮೂಲ ಮೆಕಿಂತೋಷನ್ನು ರೂಪಿಸಿದ ತಂಡದವರೇ ಆದ ಬರೆಲ್ ಸ್ಮಿತ್ ಮತ್ತು ಆಂಡಿ ಹರ್ಟ್ಸ್‌ಫೆಲ್ಡ್ ಮೊದಲಾದವರು ರೇಡಿಯಸ್ ಎಂಬ ಸಂಸ್ಥೆ ಕಟ್ಟಿ, ಪೂರ್ಣ ಪುಟ ತೋರಿಸುವ ಉದ್ದನೆಯ ಹೊರಪರದೆಯನ್ನು ತಂದರು. ಹೊಸದು ಬಂತೆಂದು ಹಳೆಯ ಪುಟ್ಟ ಪರದೆ ಕಣ್ಣು ಮುಚ್ಚಲಿಲ್ಲ, ಎರಡೂ ಜೊತೆಯಾಗಿ ದುಡಿದವು.

1987ರ ಮಾರ್ಚ್‌ನಲ್ಲಿ ಆಪಲ್ ಪ್ರಕಟಿಸಿದ ಮೆಕಿಂತೋಷ್ 2 ಈ ವಿಚಾರವನ್ನು ವ್ಯವಸ್ಥೆಯ ಒಳಗೇ ನೆಲೆಗೊಳಿಸಿತು. ಅದರಲ್ಲಿ ಆರು ಸ್ಲಾಟುಗಳಿದ್ದವು. ಒಂದಕ್ಕಿಂತ ಹೆಚ್ಚು ವಿಡಿಯೋ ಕಾರ್ಡುಗಳನ್ನು ಹಾಕಬಹುದಿತ್ತು. ನಿಯಂತ್ರಣ ಫಲಕದಲ್ಲಿ ಮಾನಿಟರುಗಳ ಪುಟ್ಟ ಚಿತ್ರಗಳು ಕಾಣುತ್ತಿದ್ದವು. ಮೇಜಿನ ಮೇಲೆ ಅವು ಹೇಗಿವೆಯೋ ಹಾಗೆಯೇ ಆ ಚಿತ್ರಗಳನ್ನು ಎಳೆದು ಜೋಡಿಸಿದರೆ ಮುಗಿಯಿತು. ಒಂದು ಕಿಟಕಿ ಅರ್ಧ ಇಲ್ಲಿ, ಅರ್ಧ ಅಲ್ಲಿ ನಿಲ್ಲಬಹುದಿತ್ತು. ಒಂದು ಪರದೆ ಬಣ್ಣದ್ದು, ಇನ್ನೊಂದು ಕಪ್ಪುಬಿಳುಪಿನದಾದರೆ ಅದೇ ಕಿಟಕಿ ಅರ್ಧ ಬಣ್ಣದಲ್ಲಿ, ಅರ್ಧ ಕಪ್ಪುಬಿಳುಪಿನಲ್ಲಿ ತೋರುತ್ತಿತ್ತು.

ಇದರ ಒಳಗಿನ ಗಣಿತ ನಿಮಗೆಲ್ಲ ಶಾಲೆಯ ಗ್ರಾಫ್ ಹಾಳೆಯಿಂದಲೇ ಪರಿಚಿತ. ಮುಖ್ಯ ಪರದೆಯ ಎಡ ಮೇಲ್ಮೂಲೆಯೇ ಮೂಲಬಿಂದು. ಬಲಕ್ಕಿಟ್ಟ ಪರದೆಯಲ್ಲಿ ಸಂಖ್ಯೆಗಳು ಬೆಳೆಯುತ್ತ ಹೋಗುತ್ತವೆ, ಎಡಕ್ಕಿಟ್ಟುದರಲ್ಲಿ ಋಣಸಂಖ್ಯೆಗಳಾಗುತ್ತವೆ. (ಇಲ್ಲಿ ಕೆಳಮುಖವೇ ಧನ, ನಾವು ತರಗತಿಯಲ್ಲಿ ಕಲಿಸುತ್ತಿದ್ದುದಕ್ಕೆ ವಿರುದ್ಧ!) ಪರದೆಯೆಂಬುದು ಈ ವಿಶಾಲ ಸಮತಲದ ಮೇಲೆ ತೆರೆದ ಒಂದು ಚೌಕಟ್ಟು ಮಾತ್ರ. ಋಣಸಂಖ್ಯೆ ಬರಲಾರದೆಂದು ನಂಬಿ ಬರೆದ ಪ್ರೋಗ್ರಾಮುಗಳು ಎಡಪರದೆಯಲ್ಲಿ ಮುಗ್ಗರಿಸುತ್ತವೆ.

ಆದರೂ ಇದು ಬಹುಕಾಲ ಉಳ್ಳವರ ಸೊತ್ತಾಗಿಯೇ ಉಳಿಯಿತು. ಮೆಕಿಂತೋಷ್ 2ರ ಆರಂಭದ ಬೆಲೆಯೇ ಸುಮಾರು 3,900 ಡಾಲರ್. ಮಾನಿಟರ್, ವಿಡಿಯೋ ಕಾರ್ಡ್ ಬೇರೆ. ವಿಂಡೋಸ್ 98 ಒಂಬತ್ತು ಮಾನಿಟರುಗಳವರೆಗೆ ಅವಕಾಶ ಕೊಟ್ಟಿತೆಂಬುದು ನಿಜ. ಆದರೆ ಸಾಮಾನ್ಯವಾಗಿ ಪ್ರತಿಯೊಂದಕ್ಕೂ ಒಂದು ಕಾರ್ಡು ಬೇಕಿತ್ತು. 1999ರಲ್ಲಿ ಕೆನಡಾದ ಮ್ಯಾಟ್ರಾಕ್ಸ್ ಸಂಸ್ಥೆಯ ಜಿ400 ಒಂದೇ ಕಾರ್ಡಿನಿಂದ ಎರಡು ಪರದೆ ನಡೆಸಿತು. ಬಳಿಕ ಹೊಟ್ಟೆ ದಪ್ಪನೆಯ ಮಾನಿಟರುಗಳ ಜಾಗಕ್ಕೆ ತೆಳುವಾದ ಎಲ್‌ಸಿಡಿಗಳು ಬಂದು ಮೇಜಿನ ಮೇಲೆ ಸ್ಥಳವೂ ಆಯಿತು. ವಿಚಿತ್ರವೆಂದರೆ, 2013ರಲ್ಲಿ ಆಪಲ್ಲೇ ತನ್ನ ಮ್ಯಾವರಿಕ್ಸ್ ಆವೃತ್ತಿಯಲ್ಲಿ ಪ್ರತಿ ಪರದೆಯನ್ನೂ ಪ್ರತ್ಯೇಕಿಸಿ, ಕಿಟಕಿ ಎರಡರ ಮೇಲೂ ಚಾಚಿಕೊಳ್ಳದಂತೆ ಮಾಡಿತು. ಸೆಟ್ಟಿಂಗ್ ಬದಲಿಸಿ ಹಳೆಯ ಕ್ರಮಕ್ಕೆ ಮರಳಬಹುದು, ಆದರೆ ತಾನೇ ಕೆಡವಿದ ಗೋಡೆಯನ್ನು ಮತ್ತೆ ಕಟ್ಟಿದ್ದು ನನಗೆ ಹಿಡಿಸಲಿಲ್ಲ.

ನನಗೇಕೆ ಈ ಗೋಡೆಯ ಚಿಂತೆಯೆಂದು ಕೇಳುವಿರಿ. ನಮ್ಮ ತಂದೆಯವರ ದಿನಚರಿಯ ಹಾಳೆಗಳು ಅಂಚಿನಿಂದ ಪುಡಿಯಾಗುತ್ತಿವೆ. ಅವುಗಳ ಛಾಯಾಚಿತ್ರವನ್ನು ಎಡಪರದೆಯಲ್ಲಿ ಹಿಗ್ಗಿಸಿಟ್ಟು, ಬಲಪರದೆಯಲ್ಲಿ ಸಾಲುಸಾಲಾಗಿ ಬೆರಳಚ್ಚಿಸುತ್ತಿದ್ದೇನೆ. ಒಂದೇ ಪರದೆಯಲ್ಲಿ ಕಿಟಕಿ ಬದಲಿಸುತ್ತ ಕುಳಿತರೆ ಅವರ ಮೋಡಿ ಅಕ್ಷರ ಮರಳಿ ನೋಡುವಷ್ಟರಲ್ಲಿ ಸಾಲೇ ತಪ್ಪುತ್ತದೆ. ಈಗ ಕತ್ತು ತುಸು ಹೊರಳಿಸಿದರೆ ಸಾಕು. ಓದಲಾಗದ ಪದವನ್ನು ಚಿತ್ರದಿಂದ ಕತ್ತರಿಸಿ, ಎಡದಿಂದ ಬಲಕ್ಕೆ ಎಳೆದು, ಪಠ್ಯದ ನಡುವೆಯೇ ಇಡುತ್ತೇನೆ. ಅಂಥ ಪದಗಳು ಈಗಾಗಲೇ ನಲವತ್ತರಷ್ಟಿವೆ, ಹೆಚ್ಚಿನವು ಗದ್ದೆಗಳ ಮತ್ತು ಮನೆತನಗಳ ಹೆಸರುಗಳೆಂದು ತೋರುತ್ತದೆ. ಬಂಧುಗಳಲ್ಲಿ ಹಿರಿಯರು ಯುಗಾದಿಗೆ ಬಂದಾಗ ಒಂದು ಗಂಟೆ ನನ್ನ ಜೊತೆ ಕುಳಿತು ಅವನ್ನು ಓದಿಕೊಡಬೇಕೆಂದು ವಿನಂತಿ. ಕನ್ನಡಕ ಮರೆಯದೆ ತನ್ನಿ.